ರಿಸೆಪ್ಷನ್ ಇಲ್ಲದ ಮನೆಗೆ ಹೊರಡುವ ಮುನ್ನ

ಸ್ವಿಟ್ಜರ್ಲೆಂಡಿಗೆ ಕುಟುಂಬ ಸಮೇತ ಹೋಗಿಬಂದವರನ್ನು ಕೇಳಿ ನೋಡಿ. ಜೇಬಿಗೆ ಕತ್ತರಿ ಬಿದ್ದದ್ದು ಬೆಟ್ಟದ ರೈಲಿನಲ್ಲಷ್ಟೇ ಅಲ್ಲ, ಊಟದ ಮೇಜಿನಲ್ಲೂ ಹೌದು ಎನ್ನುತ್ತಾರೆ. ಸಸ್ಯಾಹಾರಿಗಳ ಪಾಡಂತೂ ಕೇಳುವುದೇ ಬೇಡ: ಕೈತುಂಬ ದುಡ್ಡು ತೆತ್ತು ಬ್ರೆಡ್ಡು, ಚೀಸು, ಆಲೂಗಡ್ಡೆ. ಅದರ ಬದಲು ಅಡುಗೆಮನೆ ಇರುವ ಅಪಾರ್ಟ್‌ಮೆಂಟನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿದರೆ ಬೆಳಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ-ಸಾರು. ಮಧ್ಯಾಹ್ನಕ್ಕೆ ಚಿತ್ರಾನ್ನ ಕಟ್ಟಿಕೊಂಡು ಬೆಟ್ಟ ಹತ್ತಬಹುದು. ಇದಕ್ಕೆ ಟೂರ್ ಕಂಪನಿಯ ಹಂಗಿಲ್ಲ, ನೀವೇ ಬುಕ್ ಮಾಡಬಹುದು.

ಆದರೆ ಹೋಟೆಲಿನಲ್ಲಿ ಏನೇ ಎಡವಟ್ಟಾದರೂ ಕೆಳಗಿಳಿದು ಕೇಳಲು ರಿಸೆಪ್ಷನ್ ಇರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಬಾಗಿಲು, ಬೀಗ ಮತ್ತು ನೀವು, ಅಷ್ಟೇ. ಅಲ್ಲಿ ಕೇಳಬೇಕಾದ್ದನ್ನೆಲ್ಲ ಇಲ್ಲಿಂದಲೇ, ದುಡ್ಡು ಕಟ್ಟುವ ಮೊದಲೇ, ಕೇಳಿ ಮುಗಿಸಬೇಕು. ಯಶ್ ಚೋಪ್ರಾ ಪ್ರತಿಮೆ ಇರುವ ಇಂಟರ್‌ಲೇಕನ್ ಮತ್ತು ಅದರ ಸುತ್ತಲಿನ ಬೆಟ್ಟದೂರುಗಳನ್ನು ಮುಂದಿಟ್ಟುಕೊಂಡು ಈ ಸೂತ್ರಗಳನ್ನು ಬರೆದಿದ್ದೇನೆ. ಬೇರೆ ದೇಶಕ್ಕೆ ಹೊರಟವರಿಗೂ ಬಹುಪಾಲು ಅನ್ವಯಿಸುತ್ತವೆ.

1. ಮೊದಲು ಕಾನೂನು ನೋಡಿ, ಆಮೇಲೆ ಬಾಲ್ಕನಿ

ಎಲ್ಲ ಊರಲ್ಲೂ ವಾರದ ಲೆಕ್ಕದಲ್ಲಿ ಮನೆ ಬಾಡಿಗೆಗೆ ಕೊಡುವಂತಿಲ್ಲ. ನಮ್ಮವರು ಹೆಚ್ಚು ಹೋಗುವ ಸಿಂಗಪುರವನ್ನೇ ತೆಗೆದುಕೊಳ್ಳಿ: ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಕೊಡುವುದು ಕಾನೂನುಬಾಹಿರ, ಸರ್ಕಾರಿ ವಸತಿ ಸಮುಚ್ಚಯದ ಫ್ಲ್ಯಾಟ್ ಆದರೆ ಆರು ತಿಂಗಳು. ಅಲ್ಲಿ ಅಡುಗೆಮನೆ ಬೇಕಿದ್ದರೆ ಪರವಾನಗಿ ಇರುವ ಸರ್ವಿಸ್ ಅಪಾರ್ಟ್‌ಮೆಂಟೇ ದಾರಿ. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರಿನಿಂದ, ಮೂವತ್ತು ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವ ಮಾಲೀಕರು ತಾವೂ ಅದೇ ಮನೆಯಲ್ಲಿ ಇರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು. ಬಾರ್ಸಿಲೋನಾ ನಗರಾಡಳಿತ 2028ರ ಹೊತ್ತಿಗೆ ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನೇ ನಿಲ್ಲಿಸುವುದಾಗಿ ಘೋಷಿಸಿದೆ. ಪ್ಯಾರಿಸ್ಸಿನ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಬೇಕು. ಇಟಲಿಯಲ್ಲಿ 2025ರಿಂದ ಸಿಐಎನ್ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆ ಕಡ್ಡಾಯ. ಸ್ವಿಟ್ಜರ್ಲೆಂಡಿನಲ್ಲಿ ನಿಯಮ ಊರಿಂದ ಊರಿಗೆ ಬದಲು.

ಸಂಖ್ಯೆ ಇರಬೇಕಾದ ಕಡೆ ಇಲ್ಲದಿದ್ದರೆ, ಮನೆ ಎಷ್ಟೇ ಚೆಂದವಿದ್ದರೂ ಅದನ್ನು ಬಿಟ್ಟು ಮುಂದಕ್ಕೆ ಹೋಗಿ.

2. ನಕ್ಷೆಯಲ್ಲಿ ದೂರ ಅಳೆಯಬೇಡಿ, ಎತ್ತರ ಅಳೆಯಿರಿ

ಲೌಟರ್‌ಬ್ರುನ್ನೆನ್ ಮತ್ತು ವೆಂಗೆನ್ ಎರಡೂ ನಕ್ಷೆಯಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಒಂದು ಕಣಿವೆಯ ತಳದಲ್ಲಿ, ಸುಮಾರು 800 ಮೀಟರ್ ಎತ್ತರದಲ್ಲಿ. ಇನ್ನೊಂದು ಅದರ ನೆತ್ತಿಯ ಮೇಲೆ, 1,270 ಮೀಟರ್ ಆಸುಪಾಸಿನಲ್ಲಿ. ವೆಂಗೆನ್ ಕಾರಿಲ್ಲದ ಊರು. ಹಲ್ಲುಗಾಲಿಯ ರೈಲಿನಲ್ಲೇ ಹೋಗಬೇಕು, ಸೂಟ್‌ಕೇಸುಗಳನ್ನೂ ಅದರಲ್ಲೇ ಏರಿಸಬೇಕು. ರಾತ್ರಿ ಕೊನೆಯ ರೈಲು ತಪ್ಪಿದರೆ ಮನೆ ಮೇಲೆ, ನೀವು ಕೆಳಗೆ. ಎದುರು ಬೆಟ್ಟದ ಮ್ಯೂರೆನ್‌ದೂ ಇದೇ ಕಥೆ.

ಹಾಗಂತ ಮೇಲಿನ ಊರು ಬೇಡವೆಂದಲ್ಲ; ಅಲ್ಲಿನ ಬೆಳಗು ಕೆಳಗಿನವರಿಗೆ ಸಿಕ್ಕುವುದಿಲ್ಲ. ಆದರೆ ಮಾಲೀಕರಿಗೆ ಮೂರು ಪ್ರಶ್ನೆ ಬರೆದು ಕಳಿಸಿ: ನಿಲ್ದಾಣದಿಂದ ಮನೆಗೆ ನಡಿಗೆಯಲ್ಲಿ ಎಷ್ಟು ನಿಮಿಷ? ಏರುದಾರಿಯೇ? ಮನೆ ಎಷ್ಟನೇ ಮಹಡಿ, ಲಿಫ್ಟ್ ಇದೆಯೇ? ಮಂಡಿನೋವಿನ ಅಮ್ಮನನ್ನು ಕರೆದೊಯ್ಯುವವರಿಗೆ ಮೂರನೆಯ ಉತ್ತರವೇ ನಿರ್ಣಾಯಕ.

3. ವೀಸಾ ಕೈಗೆ ಬರುವ ತನಕ ರದ್ದುಮಾಡುವ ಹಕ್ಕು ಬಿಡಬೇಡಿ

ಸ್ವಿಟ್ಜರ್ಲೆಂಡಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ವಸತಿಯ ದಾಖಲೆ ಕೇಳುತ್ತಾರೆ. ಹಾಗಾಗಿ ವೀಸಾಕ್ಕಿಂತ ಮೊದಲೇ ಮನೆ ಬುಕ್ ಆಗಬೇಕು. ಸ್ವಲ್ಪ ಅಗ್ಗಕ್ಕೆ ಸಿಗುತ್ತದೆಂದು ಹಣ ವಾಪಸು ಬಾರದ ದರ ಆರಿಸಿಕೊಂಡರೆ, ವೀಸಾ ತಿರಸ್ಕೃತವಾದ ದಿನ ಅದೂ ಹೋಯಿತು, ಇದೂ ಹೋಯಿತು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಎಳೆದರೆ 45. ಉಚಿತವಾಗಿ ರದ್ದುಮಾಡುವ ಕೊನೆಯ ದಿನಾಂಕ ಈ ಲೆಕ್ಕದ ಆಚೆಗಿರಲಿ.

ಇನ್ನೊಂದು ಸಣ್ಣ, ಆದರೆ ತಲೆ ತಿನ್ನುವ ಸಂಗತಿ. ಬಹಳಷ್ಟು ಜಾಲತಾಣಗಳ ದೃಢೀಕರಣ ಪತ್ರದಲ್ಲಿ ಬುಕ್ ಮಾಡಿದವರ ಹೆಸರಷ್ಟೇ ಇರುತ್ತದೆ. ವೀಸಾ ಅರ್ಜಿ ಮಾತ್ರ ಒಬ್ಬೊಬ್ಬರದೂ ಬೇರೆ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಎಲ್ಲರ ಹೆಸರನ್ನೂ ನಮೂದಿಸಿದ ಪತ್ರವನ್ನು ಮಾಲೀಕರಿಂದ ಮೊದಲೇ ತರಿಸಿಕೊಳ್ಳಿ. ಬೆಂಗಳೂರಿನ ಅರ್ಜಿ ಕೇಂದ್ರದ ಸರತಿಯಲ್ಲಿ ನಿಂತಾಗ ನೆನಪಾದರೆ ಪ್ರಯೋಜನವಿಲ್ಲ.

4. ರಾತ್ರಿಯ ದರ ಬೆಲೆಯಲ್ಲ

ದೊಡ್ಡ ಅಕ್ಷರದಲ್ಲಿ ತೋರಿಸುವುದು ಒಂದು ರಾತ್ರಿಯ ಬಾಡಿಗೆ. ಸಣ್ಣ ಅಕ್ಷರದಲ್ಲಿ ಜಾಲತಾಣದ ಸೇವಾ ಶುಲ್ಕ, ಸ್ವಚ್ಛತಾ ಶುಲ್ಕ, ಒಬ್ಬೊಬ್ಬರಿಗೆ ರಾತ್ರಿಗಿಷ್ಟೆಂದು ಪ್ರವಾಸಿ ತೆರಿಗೆ, ಕೆಲವೆಡೆ ಹೊದಿಕೆ-ಟವೆಲ್ಲಿಗೂ ಬೇರೆ ದುಡ್ಡು. ಸ್ವಚ್ಛತಾ ಶುಲ್ಕ ಎರಡು ರಾತ್ರಿ ಇದ್ದರೂ ಅಷ್ಟೇ, ಏಳು ರಾತ್ರಿ ಇದ್ದರೂ ಅಷ್ಟೇ. ಅದು 120 ಫ್ರಾಂಕ್ ಎಂದಿಟ್ಟುಕೊಳ್ಳಿ. ಎರಡು ರಾತ್ರಿಗೆ ಹಂಚಿದರೆ ದಿನಕ್ಕೆ 60, ಏಳು ರಾತ್ರಿಗೆ 17. ಒಂದೇ ಊರಲ್ಲಿ ವಾರ ನಿಲ್ಲುವವರಿಗೆ ಅಪಾರ್ಟ್‌ಮೆಂಟ್ ಲಾಭ ಎನ್ನುವುದು ಇದಕ್ಕೇ.

ಪ್ರವಾಸಿ ತೆರಿಗೆ ಕಟ್ಟಿದ್ದಕ್ಕೆ ಪ್ರತಿಫಲವೂ ಉಂಟು. ಇಂಟರ್‌ಲೇಕನ್ ಭಾಗದಲ್ಲಿ ಅತಿಥಿ ಕಾರ್ಡ್ ತೋರಿಸಿದರೆ ಸ್ಥಳೀಯ ಬಸ್ ಉಚಿತ. ಹೋಟೆಲಿನವರು ತಾವಾಗಿ ಕೈಗಿಡುತ್ತಾರೆ. ಇಲ್ಲಿ ನೀವೇ ಮಾಲೀಕರಿಂದ ಕೇಳಿ ಪಡೆಯಬೇಕು.

5. ಒಲೆಯ ಫೋಟೊ ದೊಡ್ಡದು ಮಾಡಿ ನೋಡಿ

ಇದರಲ್ಲಿ ಎಡವಿದರೆ ಇಡೀ ಪ್ರವಾಸದ ಉದ್ದೇಶವೇ ಕೆಟ್ಟಂತೆ. ಅವರ ಅಡುಗೆಮನೆಯಲ್ಲಿ ಕಾಫಿ ಯಂತ್ರ, ಫಾಂಡ್ಯೂ ಪಾತ್ರೆ, ಡಜನ್ ವೈನ್ ಗ್ಲಾಸು ಇರುತ್ತವೆ, ಕುಕ್ಕರ್ ಇರುವುದಿಲ್ಲ. ಗ್ಯಾಸ್ ಒಲೆಯೂ ಅಪರೂಪ. ಇರುವುದು ಗಾಜಿನ ಮೇಲ್ಮೈಯ ವಿದ್ಯುತ್ ಒಲೆ ಅಥವಾ ಇಂಡಕ್ಷನ್. ನೋಡಲು ಎರಡೂ ಒಂದೇ ಥರ, ಆದ್ದರಿಂದ ಕೇಳಿಯೇ ತಿಳಿಯಬೇಕು. ಇಂಡಕ್ಷನ್ ಆದರೆ ಮನೆಯ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಂಡರೆ ಆ ಪಾತ್ರೆ ನಡೆಯುತ್ತದೆ. ಮೂರು ಲೀಟರಿನ, ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಒಂದನ್ನು ಚೆಕ್-ಇನ್ ಲಗೇಜಿನಲ್ಲಿ ಹಾಕಿಕೊಂಡರೆ ಅನ್ನ, ಬೇಳೆ ಎರಡೂ ಆಯಿತು. ಅದರೊಳಗೇ ಅಕ್ಕಿ ತುಂಬಿದರೆ ಜಾಗವೂ ಉಳಿಯುತ್ತದೆ.

ಮಿಕ್ಸಿ ಹೊರುವ ಉತ್ಸಾಹ ಬೇಡ, ಚಟ್ನಿಪುಡಿ ಸಾಕು. ಅಷ್ಟಕ್ಕೂ ಹೊತ್ತರೆ, ಸ್ವಿಟ್ಜರ್ಲೆಂಡಿನಲ್ಲಿ ವೋಲ್ಟೇಜ್ ನಮ್ಮಂತೆ 230, ತೊಂದರೆಯಿಲ್ಲ. ನಮ್ಮ ದಪ್ಪ ಮೂರು ಪಿನ್ನು ಮಾತ್ರ ಅಲ್ಲಿನ ಸಾಕೆಟ್ಟಿಗೆ ಹೋಗದು, ಅಡಾಪ್ಟರ್ ಬೇಕು. ಅಮೆರಿಕದಲ್ಲಾದರೆ ವೋಲ್ಟೇಜೇ 120, ಇಲ್ಲಿನ ಮಿಕ್ಸಿ ಅಲ್ಲಿ ನಿಧಾನಕ್ಕೆ ನರಳುತ್ತದೆ.

ಇನ್ನು ಒಗ್ಗರಣೆ. ತೆರೆದ ಅಡುಗೆಮನೆ, ಮುಚ್ಚಿದ ಕಿಟಕಿ, ತಲೆಯ ಮೇಲೆ ಹೊಗೆ ಪತ್ತೆಹಚ್ಚುವ ಯಂತ್ರ: ಒಣಮೆಣಸಿನಕಾಯಿ ಕರಕಲಾದರೆ ಕಟ್ಟಡವೆಲ್ಲ ಎಚ್ಚರ. ಕಿಟಕಿ ತೆರೆದು, ಚಿಮಣಿ ಹಾಕಿ, ಸಣ್ಣ ಉರಿಯಲ್ಲಿ ಮಾಡಿ. ಗಾಢ ವಾಸನೆಯ ಅಡುಗೆ ಬೇಡವೆಂದು ಕೆಲವು ಮಾಲೀಕರು ಮನೆಯ ನಿಯಮಗಳಲ್ಲೇ ಬರೆದಿರುತ್ತಾರೆ. ಇಂಗಿನ ಪರಿಮಳದ ಬಗ್ಗೆ ಅವರೊಡನೆ ವಾದಕ್ಕಿಳಿಯುವ ಬದಲು ಬೇರೆ ಮನೆ ಹುಡುಕುವುದೇ ಲೇಸು.

6. ತುಪ್ಪ ಮನೆಯಲ್ಲೇ ಇರಲಿ

ಭಾರತದಿಂದ ಹೋಗುವವರು ಮಾಂಸ ಮತ್ತು ಹಾಲಿನ ಉತ್ಪನ್ನಗಳನ್ನು ಲಗೇಜಿನಲ್ಲಿ ಒಯ್ಯುವುದಕ್ಕೆ ಐರೋಪ್ಯ ಒಕ್ಕೂಟದಲ್ಲೂ ಸ್ವಿಟ್ಜರ್ಲೆಂಡಿನಲ್ಲೂ ನಿಷೇಧವಿದೆ. ತುಪ್ಪ, ಪನೀರ್, ಹಾಲಿನ ಪುಡಿ ಎಲ್ಲವೂ ಇದರಲ್ಲಿ ಬಂತು. ಅನಾನಸ್, ತೆಂಗಿನಕಾಯಿ, ಬಾಳೆ, ಖರ್ಜೂರ, ಡುರಿಯನ್ ಬಿಟ್ಟರೆ ತಾಜಾ ಹಣ್ಣು-ತರಕಾರಿ-ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಎಂದರೆ ಹಸಿ ಕರಿಬೇವಿಗೆ ಪ್ರವೇಶವಿಲ್ಲ, ಒಣಗಿಸಿದ್ದು ಸಾಕು. ದುಬೈಗೆ ಹೋಗುವವರು, ಆ ದಾರಿಯಲ್ಲಿ ವಿಮಾನ ಬದಲಿಸುವವರು ಗಸಗಸೆಯನ್ನು ಮುಟ್ಟಲೇಬೇಡಿ. ನಮಗದು ಪಾಯಸ, ಯುಎಇ ಕಾನೂನಿಗೆ ಮಾದಕವಸ್ತು.

7. ಶನಿವಾರ ಸಂಜೆ ತಲುಪಿದರೆ ಹಾಲು ಯಾರು ಕೊಡುತ್ತಾರೆ?

ಆಲ್ಪ್ಸ್ ಭಾಗದ ರಜಾಮನೆಗಳನ್ನು ಬಹಳಷ್ಟು ಕಡೆ ಶನಿವಾರದಿಂದ ಶನಿವಾರಕ್ಕೆ ಕೊಡುತ್ತಾರೆ. ಶನಿವಾರ ಅಂಗಡಿಗಳು ಬೇಗ ಮುಚ್ಚುತ್ತವೆ, ಭಾನುವಾರ ಬಹುತೇಕ ತೆರೆಯುವುದೇ ಇಲ್ಲ. ಝೂರಿಕ್ ವಿಮಾನ ನಿಲ್ದಾಣದಿಂದ ಇಂಟರ್‌ಲೇಕನ್‌ಗೆ ರೈಲಿನಲ್ಲಿ ಎರಡು ಗಂಟೆಗೂ ಹೆಚ್ಚು. ಮಿಗ್ರೊ, ಕೋಪ್ ಎಂಬ ಎರಡು ದೊಡ್ಡ ಸೂಪರ್‌ಮಾರ್ಕೆಟ್ ಬಳಗಗಳ ಮಳಿಗೆಗಳು ದೊಡ್ಡ ನಿಲ್ದಾಣಗಳಲ್ಲಿ ಭಾನುವಾರವೂ ತೆರೆದಿರುತ್ತವೆ. ಹಾಲು, ಮೊಸರು, ತರಕಾರಿಯನ್ನು ದಾರಿಯಲ್ಲೇ ಕೊಂಡು ಮನೆ ಸೇರಿ.

ಬೀಗದ ಕೈ ಎಲ್ಲಿ, ಯಾರ ಬಳಿ, ವಿಮಾನ ತಡವಾದರೆ ಯಾವ ನಂಬರಿಗೆ ಫೋನ್? ಇವನ್ನು ಮೊಬೈಲಿನಲ್ಲಷ್ಟೇ ಅಲ್ಲ, ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.

8. ಜಾಲತಾಣದ ಹೊರಗೆ ಹಣ ಕಳಿಸಬೇಡಿ

"ನೇರ ನನ್ನ ಖಾತೆಗೆ ಹಾಕಿ, ಕಮಿಷನ್ ಉಳಿಯುತ್ತದೆ" ಎಂದು ಜಾಲತಾಣದಲ್ಲಿ ಸಿಕ್ಕ ಮಾಲೀಕರು ವಾಟ್ಸ್‌ಆ್ಯಪಿನಲ್ಲಿ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಖಾತೆಗೆ ಹೋದ ಹಣ ಹೋದಂತೆಯೇ. ಕ್ರೆಡಿಟ್ ಕಾರ್ಡಿನಲ್ಲಾದರೆ ಬ್ಯಾಂಕಿಗೆ ತಕರಾರು ಸಲ್ಲಿಸುವ ದಾರಿಯಾದರೂ ಉಂಟು. ಕಾರ್ಡಿನಲ್ಲಿ ವಿದೇಶಿ ವಹಿವಾಟು ತೆರೆದಿದೆಯೇ ನೋಡಿಕೊಳ್ಳಿ. 2020ರ ಆರ್‌ಬಿಐ ನಿಯಮದಂತೆ ಅದನ್ನು ನೀವೇ ಚಾಲೂ ಮಾಡಬೇಕು. ಕಾರ್ಡುಗಳು ಸಾಮಾನ್ಯವಾಗಿ ಶೇ 2ರಿಂದ 3.5ರಷ್ಟು ವಿನಿಮಯ ಶುಲ್ಕ ಹಾಕುತ್ತವೆ. ಅಲ್ಲಿನ ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕಟ್ಟುತ್ತೀರಾ?" ಎಂದು ಅಕ್ಕರೆಯಿಂದ ಕೇಳಿದರೆ ಬೇಡವೆನ್ನಿ, ಫ್ರಾಂಕಿನಲ್ಲೇ ಕಟ್ಟಿ. ಅದರ ರೂಪಾಯಿ ದರ ಬಹುತೇಕ ನಿಮಗೆ ನಷ್ಟದ್ದು.

9. ಆರು ಜನರ ಮನೆಯಲ್ಲಿ ನಾಲ್ಕೇ ಹಾಸಿಗೆ

ಉಳಿದಿಬ್ಬರಿಗೆ ನಡುಮನೆಯ ಸೋಫಾ. ಮಲಗುವ ಕೋಣೆ ಎಷ್ಟೆಂದು ಎಣಿಸಿ, ಜನ ಎಷ್ಟೆಂದಲ್ಲ. ಬಚ್ಚಲಿನಲ್ಲಿ ಚೊಂಬು ಸಿಗದು, ಒಂದು ಮಗ್ಗು ಒಯ್ಯಿರಿ.

10. ಹೊರಡುವ ದಿನದ ಕೆಲಸ ಮೊದಲೇ ತಿಳಿದಿರಲಿ

ಸ್ವಿಟ್ಜರ್ಲೆಂಡಿನ ಬಹುತೇಕ ಊರುಗಳಲ್ಲಿ ಕಸಕ್ಕೂ ಕಾಸು: ತೆರಿಗೆ ಸೇರಿಸಿ ಮಾರುವ ಚೀಲದಲ್ಲೇ ಹಾಕಬೇಕು, ಬಾಟಲಿ-ಕಾಗದ ಬೇರೆ ಮಾಡಬೇಕು. ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲ. ಒಳಹೊಕ್ಕ ದಿನವೇ ಮನೆಯ ಮೂಲೆಮೂಲೆಯ ಫೋಟೊ ತೆಗೆದಿಟ್ಟುಕೊಳ್ಳಿ, ಠೇವಣಿ ವಾಪಸಿನ ಮಾತು ಬಂದಾಗ ಬೇಕಾಗುತ್ತದೆ.

ಇಷ್ಟೆಲ್ಲ ಓದಿ ಸುಸ್ತಾಯಿತೆನಿಸಿದವರು, ಮತ್ತು ಹತ್ತು ದಿನಕ್ಕೆ ಆರು ಊರು ನೋಡಲು ಹೊರಟವರು, ಹೋಟೆಲನ್ನೇ ಹಿಡಿಯಿರಿ. ಒಂದೊಂದು ಊರಲ್ಲಿ ಒಂದೆರಡೇ ರಾತ್ರಿ ತಂಗುವವರಿಗೆ ಅಪಾರ್ಟ್‌ಮೆಂಟ್ ದುಡ್ಡೂ ಉಳಿಸುವುದಿಲ್ಲ, ಕುಕ್ಕರ್ ತೊಳೆಯುವ ಕೆಲಸವನ್ನೂ ತಪ್ಪಿಸುವುದಿಲ್ಲ.