ವಿಂಡೋಸ್ ಮತ್ತು ಉಬುಂಟು ಗಣಕಯಂತ್ರಗಳಿಗೆ ಒಂದೇ ಪ್ರಿಂಟರ್: ಜೋಡಣೆಯ ಪಾಠ

ಒಂದೇ ಕಚೇರಿಯಲ್ಲಿ ಕೆಲವು ಗಣಕಯಂತ್ರಗಳು ವಿಂಡೋಸ್‌ನಲ್ಲಿಯೂ ಕೆಲವು ಉಬುಂಟುವಿನಲ್ಲಿಯೂ ನಡೆಯುತ್ತಿದ್ದು, ಎಲ್ಲಕ್ಕೂ ಒಂದೇ ಪ್ರಿಂಟರ್ ಇರುವುದುಂಟು. ನಿನ್ನೆಯವರೆಗೆ ಮುದ್ರಿಸುತ್ತಿದ್ದ ಪ್ರಿಂಟರ್ ಇಂದು ಪರದೆಯಲ್ಲಿ ಕಾಣದಾದರೆ, ದಿನಗೂಲಿ ಬಿಟ್ಟು ಪ್ರಮಾಣಪತ್ರಕ್ಕೆ ಬಂದವರು ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಕಾರಣಗಳು:
1. ಯುಎಸ್‌ಬಿ ಮೂಲಕ ಒಂದು ಗಣಕಯಂತ್ರಕ್ಕೆ ಜೋಡಿಸಿ ಹಂಚಿಕೊಂಡ ಪ್ರಿಂಟರ್, ಆ ಯಂತ್ರವನ್ನು ಆರಿಸಿದೊಡನೆ ಇತರರಿಗೆ ದೊರೆಯದು.
2. ರೂಟರ್ ಪ್ರಿಂಟರ್‌ಗೆ ಹೊಸ ಐಪಿ ವಿಳಾಸ ನೀಡಿದಾಗ, ಗಣಕಯಂತ್ರಗಳು ಹಳೆಯ ವಿಳಾಸಕ್ಕೇ ಕಡತ ಕಳುಹಿಸುತ್ತಿರುತ್ತವೆ.
3. ಹಂಚಿಕೆಗೆ ಬಳಸುತ್ತಿದ್ದ ಹಳೆಯ ಎಸ್‌ಎಂಬಿ 1 ವಿಧಾನವು ಈಗಿನ ವಿಂಡೋಸ್‌ನಲ್ಲಿ ತಾನಾಗಿ ಚಾಲನೆಯಲ್ಲಿರುವುದಿಲ್ಲ. ಅದನ್ನು ಮರಳಿ ಚಾಲನೆಗೊಳಿಸಬಾರದು. 2017ರಲ್ಲಿ ವನ್ನಾಕ್ರೈ ಹರಡಿದ್ದು ಅದರ ದೋಷದ ಮೂಲಕವೇ.

ಪರಿಹಾರ:
1. ನೆಟ್‌ವರ್ಕ್ ಸೌಲಭ್ಯವಿರುವ ಪ್ರಿಂಟರನ್ನು ನೇರವಾಗಿ ಸ್ವಿಚ್‌ಗೆ ಜೋಡಿಸಿ, ರೂಟರ್‌ನಲ್ಲಿ ಅದಕ್ಕೊಂದು ಐಪಿ ವಿಳಾಸವನ್ನು ಕಾಯ್ದಿರಿಸತಕ್ಕದ್ದು.
2. ವಿಂಡೋಸ್‌ನಲ್ಲಿ ಟಿಸಿಪಿ/ಐಪಿ ಪೋರ್ಟ್ ಆಯ್ದು ಅದೇ ವಿಳಾಸವನ್ನು ನಮೂದಿಸುವುದು. ಉಬುಂಟುವಿನಲ್ಲಿ ಕಪ್ಸ್ ತಂತ್ರಾಂಶದ ಮೂಲಕ ಸೇರಿಸುವುದು.
3. ಯುಎಸ್‌ಬಿ ಮಾತ್ರ ಇರುವ ಪ್ರಿಂಟರನ್ನು, ಕಚೇರಿ ವೇಳೆಯಲ್ಲಿ ಆರಿಸದ ಉಬುಂಟು ಯಂತ್ರಕ್ಕೆ ಜೋಡಿಸಿ ಕಪ್ಸ್‌ನಿಂದ ಹಂಚುವುದು. ವಿಂಡೋಸ್ ಯಂತ್ರಗಳು ಐಪಿಪಿ ವಿಧಾನದಲ್ಲಿ, 631ನೇ ಪೋರ್ಟ್ ಮೂಲಕ ಅದನ್ನು ತಲುಪಬಲ್ಲವು.
4. ಪ್ರತಿಯೊಂದು ಯಂತ್ರದಿಂದಲೂ ಪರೀಕ್ಷಾ ಪುಟ ಮುದ್ರಿಸಿ, ಐಪಿ ವಿಳಾಸ ಬರೆದ ಚೀಟಿಯನ್ನು ಪ್ರಿಂಟರ್ ಮೇಲೆ ಅಂಟಿಸುವುದು.

ಸಿಬ್ಬಂದಿ ವರ್ಗಾವಣೆಯಾದಾಗ, ಹೊಸಬರಿಗೆ ಮೊದಲು ನೆರವಾಗುವುದು ಆ ಚೀಟಿಯೇ.