ಚೆನ್ನಾಗಿರುವ ದಿನದ ಮದ್ದು

ಮೊದಲು ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳಿ. ಶೀತದ ಮೈ, ಕಫ, ಸ್ವಲ್ಪ ಗೂರಲು ಅಂತ ಎಷ್ಟು ದಿನ ಸುತ್ತಿ ಬಳಸಿ ಹೇಳುತ್ತೀರಿ? ಹೆಣ್ಣುಮಗುವಾದರಂತೂ ನಾಳೆ ಮದುವೆಗೆ ತೊಡಕಾದೀತೆಂದು ಮನೆಯವರೆಲ್ಲ ಗುಟ್ಟು ಮಾಡುತ್ತೀರಿ. ರಾತ್ರಿ ಎರಡು ಗಂಟೆಗೆ ಎಂಟು ವರ್ಷದ ಕೂಸಿನ ಎದೆ ಸುಯ್‌ಗುಡುವಾಗ ಮದುವೆಯ ಚಿಂತೆಯೇ? ಅದು ಅಸ್ತಮಾ, ನಮ್ಮ ಮಾತಿನಲ್ಲಿ ಉಬ್ಬಸ. ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ತಮ್ಮಲ್ಲಿಗೆ ಬಂದ ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿದ್ದ ಉಬ್ಬಸ 1999ರಲ್ಲಿ 29ನ್ನು ದಾಟಿತ್ತು. ಅದು ಪಟ್ಟಣದ ಹೊಗೆ, ನಮಗೇನು ಎನ್ನಬೇಡಿ. ನಮ್ಮ ಹೊಗೆ ನಮ್ಮ ಹಿತ್ತಲಲ್ಲೇ ಇದೆ.

ಅರಸೀಕೆರೆ ಕಡೆಯ ಮನೆಗಳನ್ನೇ ನೋಡಿ. ಹಂಡೆ ಒಲೆಗೆ ತೆಂಗಿನ ಮಟ್ಟೆ, ಗರಿ. ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ, ಅದರ ಧೂಳು. ಸುಗ್ಗಿ ಬಂತೆಂದರೆ ರಸ್ತೆಯ ಮೇಲೇ ರಾಗಿ ಒಕ್ಕಣೆ. ಹಳೇಬೀಡಿನ ಸುತ್ತ ಮುಸುಕಿನ ಜೋಳದ ಹೊಟ್ಟು ಹಾರುತ್ತದೆ. ಬೇಲೂರು ದಾಟಿ ಕಾಫಿ ತೋಟದ ಕಡೆ ಹೋದರೆ ಧೂಳು ಕಡಿಮೆ, ಆದರೆ ಆಷಾಢದಲ್ಲಿ ಒಣಗದ ಕಂಬಳಿ, ಬೂಷ್ಟು ಹಿಡಿದ ಗೋಡೆ. ಉಬ್ಬಸದ ಮಗುವಿನ ಶ್ವಾಸನಾಳದ ಒಳಗೆ ಬಾವು ಮೊದಲೇ ಇರುತ್ತದೆ. ಇವುಗಳಲ್ಲಿ ಯಾವುದೇ ತಾಕಲಿ, ಒಂದು ನೆಗಡಿಯೇ ಬರಲಿ, ನಾಳ ಬಿಗಿದು ಕಫ ತುಂಬಿ ಉಸಿರು ಹೊರಬರಲು ತಿಣುಕುತ್ತದೆ. ಹಾಗಾಗಿ ಬಚ್ಚಲೊಲೆಯ ಮುಂದೆ ಚಳಿ ಕಾಯಿಸಲು ಮಗುವನ್ನು ಕೂರಿಸಬೇಡಿ. ಒಕ್ಕಣೆಯ ದಿನ ನೆಂಟರ ಮನೆಗೆ ಕಳಿಸಿ. ಮಗು ಮನೆಯಲ್ಲಿರುವಾಗ ಪೊರಕೆ ಆಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಸೊಳ್ಳೆಬತ್ತಿಯನ್ನಂತೂ ಇವತ್ತೇ ಬಿಡಿ. ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ 75ಕ್ಕೂ ಹೆಚ್ಚು ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತದೆಂದು ಅಳೆದು ನೋಡಿದವರಿದ್ದಾರೆ. ಪರದೆ ಕಟ್ಟಿ. ಜಗುಲಿಯಲ್ಲಿ ಬೀಡಿ ಸೇದಿ ಬಂದು ಮಗುವನ್ನು ಎತ್ತಿಕೊಳ್ಳುವ ಅಪ್ಪಂದಿರಿಗೆ ಬೇರೆ ಹೇಳಬೇಕೆ?

ಈಗ ನಿಮ್ಮನ್ನು ನಿಜವಾಗಿ ಗದರಬೇಕಾದ ಮಾತಿಗೆ ಬರುತ್ತೇನೆ. ಡಾಕ್ಟರು ಸಾಮಾನ್ಯವಾಗಿ ಎರಡು ಪಂಪು, ಅಂದರೆ ಇನ್ಹೇಲರ್, ಬರೆದುಕೊಡುತ್ತಾರೆ. ನೀಲಿಯದು ಬಿಗಿದ ನಾಳವನ್ನು ಆ ಗಳಿಗೆಗೆ ಸಡಿಲಿಸುತ್ತದೆ. ಇನ್ನೊಂದು ಒಳಗಿನ ಬಾವನ್ನು ಇಳಿಸುವುದು. ಅದನ್ನು ದಿನಾ ಕೊಡಬೇಕು, ಮಗು ಕುಣಿದಾಡಿಕೊಂಡಿರುವ ದಿನವೂ ಕೊಡಬೇಕು. ನೀವು ಮಾಡುವುದೇನು? ಹದಿನೈದು ದಿನ ಕೆಮ್ಮಿಲ್ಲವೆಂದರೆ ಅದನ್ನು ಬೀರುವಿನ ಮೇಲಿಡುತ್ತೀರಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಬುದ್ಧಿ. ಆದರೆ ನೀವಿನ್ನೂ ನಡುಹೊಳೆಯಲ್ಲೇ ಇದ್ದೀರಿ, ಕೆಮ್ಮು ನಿಂತದ್ದೇ ಆ ಪಂಪಿನಿಂದ. ಕಡಿಮೆ ಮಾಡುವುದು, ನಿಲ್ಲಿಸುವುದು ಡಾಕ್ಟರ ಕೆಲಸ. ನೀಲಿಯದು ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಹೋಗಿ ತೋರಿಸಿ.

ಪಂಪು ಚಟವಾಗುತ್ತದೆ, ಈಗ ಗುಳಿಗೆ ಸಾಕು ಎನ್ನುವವರಿಗೆ ಒಂದು ಲೆಕ್ಕ. ನೀಲಿ ಪಂಪಿನ ಒಂದು ಒತ್ತಿನಲ್ಲಿ 100 ಮೈಕ್ರೋಗ್ರಾಂ ಔಷಧ. ಅದೇ ಔಷಧದ 2 ಮಿಲಿಗ್ರಾಂ ಗುಳಿಗೆಯಲ್ಲಿ ಅದರ 20 ಪಟ್ಟು, ಅದೂ ಮೈಯೆಲ್ಲ ಸುತ್ತಿ, ಕೈ ನಡುಗಿಸಿ ಎದೆಗೆ ಬರಬೇಕು. ಯಾವುದಕ್ಕೆ ಹೆದರಬೇಕೋ ನೀವೇ ಹೇಳಿ. ಬಾವು ಇಳಿಸುವ ಪಂಪಿನಲ್ಲಿ ಸ್ಟೀರಾಯ್ಡ್ ಇರುವುದು ನಿಜ. ವರ್ಷಗಟ್ಟಲೆ ತೆಗೆದುಕೊಂಡರೆ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಬಹುದು. ಕೆಟ್ಟ ನಿದ್ದೆ, ತಪ್ಪಿದ ಶಾಲೆ, ಆಸ್ಪತ್ರೆಯ ಮಂಚದ ಎದುರು ಅದನ್ನಿಟ್ಟು ತೂಗಿ.

ಪುಟ್ಟ ಮಕ್ಕಳಿಗೆ ಪಂಪನ್ನು ಬರಿಬಾಯಿಗೆ ಒತ್ತಬೇಡಿ, ಔಷಧ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಸ್ಪೇಸರ್ ಎಂಬ ಕೊಳವೆ ಕೊಳ್ಳಿ. ಪಂಪು ಅಲುಗಾಡಿಸಿ, ಒಂದು ಸಲಕ್ಕೆ ಒಂದೇ ಒತ್ತು, ನಿಧಾನವಾಗಿ ಐದಾರು ಉಸಿರು. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಔಷಧ ಅದರ ಗೋಡೆಗೇ ಅಂಟುತ್ತದೆ.

ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಮದ್ದಿಗೆ ಹೋಗುವವರನ್ನು ಬೇಡವೆನ್ನಲು ನಾನು ಯಾರು. ಅರಸೀಕೆರೆಯಲ್ಲಿ ರೈಲಿಗೇನು ಬರವೇ! ಅದರಿಂದ ಉಬ್ಬಸ ವಾಸಿಯಾಗುತ್ತದೆ ಎನ್ನಲು ಪುರಾವೆಯಿಲ್ಲ. ಹೋದರೂ ಪಂಪನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ಇಷ್ಟೇ ನನ್ನ ಮಾತು. ಇನ್ನು ಬಾಳೆಹಣ್ಣು ಬೇಡ, ಮೊಸರು ಬೇಡ, ತೆಂಗಿನ ಸೀಮೆಯಲ್ಲಿ ಹುಟ್ಟಿಯೂ ಎಳನೀರು ಬೇಡ, ಓಡಬೇಡ, ಆಡಬೇಡ ಅಂತ ಮಗುವನ್ನು ಮೂಲೆಗೆ ಕೂರಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಯಾವುದನ್ನು ತಿಂದರೆ ಉಬ್ಬಸ ಬರುತ್ತದೆಂದು ನೀವೇ ಕಂಡಿದ್ದರೆ ಅದೊಂದನ್ನು ಬಿಡಿ. ಆಟಕ್ಕೆ ಕಳಿಸಿ, ಮೇಷ್ಟ್ರಿಗೆ ವಿಷಯ ತಿಳಿಸಿ, ಚೀಲದಲ್ಲಿ ನೀಲಿ ಪಂಪು ಇಡಿ.

ರಾತ್ರಿಯಿಡೀ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೂರುವವಳು ತಾಯಿ, ಬೆಳಗ್ಗೆ ‘ನೀನೇ ತಣ್ಣೀರು ಕುಡಿಸಿದ್ದು’ ಎಂಬ ಮಾತೂ ಅವಳಿಗೇ. ಅತ್ತೆಯಂದಿರೇ, ನಾನೂ ನಿಮ್ಮ ವಯಸ್ಸಿನವಳೇ, ಆ ಮಾತು ಬೇಡ. ಪಂಪು ಕೊಡುವುದನ್ನು ಅಪ್ಪನೂ ಕಲಿಯಲಿ, ನೀವೂ ಕಲಿಯಿರಿ, ಸರದಿಯ ಮೇಲೆ ಏಳಿ. ಇನ್ನೊಂದು ಮಗುವಿದ್ದರೆ ಅದು ಸುಮ್ಮನಿದೆಯೆಂದು ಮರೆತುಬಿಡಬೇಡಿ.

ಮಾತು ಪೂರ್ತಿಯಾಗದೆ ತುಂಡಾಗುತ್ತಿದ್ದರೆ, ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಯಾದರೆ ಬೆಳಗಾಗಲೆಂದು ಕಾಯಬೇಡಿ. ಮಲಗಿಸದೆ ಕೂರಿಸಿ, ನೀಲಿ ಪಂಪು ಕೊಡುತ್ತಲೇ 108ಕ್ಕೆ ಫೋನ್ ಮಾಡಿ. ಹಾಸನ ನಮ್ಮ ಊರುಗಳಿಂದ 30–45 ಕಿಲೋಮೀಟರ್. ಮೊದಲು ಹತ್ತಿರದ ಆಸ್ಪತ್ರೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡ, ಯಾರ ಆಟೋ ಎಂಬುದನ್ನು ಇವತ್ತೇ ಮಾತಾಡಿಟ್ಟುಕೊಳ್ಳಿ.

ಇನ್ನೊಂದು ಮರೆತಿದ್ದೆ. ಎಷ್ಟು ಒತ್ತು ಎಂದು ದಿನಾ ಕೊಡುವ ಪಂಪಿನ ಮೇಲೇ ಬರೆದಿರುತ್ತದೆ. 200 ಇದ್ದರೆ, ಬೆಳಗ್ಗೆ ಎರಡು ರಾತ್ರಿ ಎರಡರಂತೆ 50 ದಿನಕ್ಕೆ ಔಷಧ ಮುಗಿಯಿತು. ಆಮೇಲೂ ಅದು ಪುಸ್ ಎನ್ನುತ್ತದೆ, ಔಷಧ ಇದೆಯೆಂದೇ ನೀವು ನಂಬಿ ಒತ್ತುತ್ತಿರುತ್ತೀರಿ. ಮುಗಿಯುವ ತಾರೀಖನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಹಾಕಿಕೊಳ್ಳಿ.