ಹಳೆಯ ಸಿಮೆಂಟ್ ಶೀಟ್ ಬಿಚ್ಚುವ ಮುನ್ನ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹಟ್ಟಿಗೆ, ಬಚ್ಚಲಿಗೆ ಹೊದಿಸಿದ ಹಳೆಯ ಸಿಮೆಂಟ್ ಶೀಟ್ ನಾವೆಲ್ಲ ನೋಡಿದ್ದೇವೆ. ಮಳೆಗಾಲಕ್ಕೆ ಮೊದಲು ಅದನ್ನು ಬಿಚ್ಚುವ ಕೆಲಸ ಹೆಚ್ಚಾಗಿ ರಜೆಯಲ್ಲಿರುವ ಮಕ್ಕಳ ಮೇಲೇ ಬೀಳುತ್ತದೆ.

ಈ ಶೀಟುಗಳಲ್ಲಿ ಸಾಮಾನ್ಯವಾಗಿ ಹತ್ತನೇ ಒಂದರಷ್ಟು ಕ್ರೈಸೊಟೈಲ್, ಅಂದರೆ ಬಿಳಿ ಆಸ್ಬೆಸ್ಟಾಸ್ ಇರುತ್ತದೆ. ರಸಾಯನಶಾಸ್ತ್ರದ ಮಾತಿನಲ್ಲಿ ಇದು ಮೆಗ್ನೀಸಿಯಮ್ ಸಿಲಿಕೇಟ್. ಶೀಟ್ ಗಟ್ಟಿಯಾಗಿರುವಷ್ಟು ಕಾಲ ಅದರ ನಾರು ಸಿಮೆಂಟಿನೊಳಗೇ ಹಿಡಿದಿರುತ್ತದೆ. ಸುತ್ತಿಗೆಯಿಂದ ಒಡೆದಾಗ, ಗರಗಸ ಹಾಕಿದಾಗ, ಒಣಗಿದ ಪಾಚಿಯನ್ನು ಉಜ್ಜಿದಾಗ ಕಣ್ಣಿಗೆ ಕಾಣದಂತೆ ಗಾಳಿಗೆ ಸೇರುತ್ತದೆ. ಶ್ವಾಸಕೋಶದ ಗಾಳಿಚೀಲ ತಲುಪಿದ ಉದ್ದನೆಯ ನಾರನ್ನು ಭಕ್ಷಕ ಕೋಶಗಳು ಪೂರ್ತಿ ನುಂಗಲಾರವು. ಆಸ್ಬೆಸ್ಟೋಸಿಸ್, ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 40 ವರ್ಷ ಹಿಡಿಯಬಹುದು. 1995ರಲ್ಲಿ ಸುಪ್ರೀಂ ಕೋರ್ಟ್, ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕೆಂದು ಹೇಳಿತು. ಮನೆಯ ಮಾಡು ಬಿಚ್ಚಿದವರ ದಾಖಲೆ ಯಾರೂ ಇಡುವುದಿಲ್ಲ.

ಒಂದೆರಡು ಶೀಟ್ ಮುಟ್ಟಿದ ಮಾತ್ರಕ್ಕೆ ರೋಗ ಬಂದೇ ಬರುತ್ತದೆ ಎಂದೇನಲ್ಲ. ಬಿರುಕಿಲ್ಲದಿದ್ದರೆ ಹಾಗೆಯೇ ಬಿಡುವುದು ಒಳ್ಳೆಯದು. ತೆಗೆಯಲೇಬೇಕಾದರೆ ಕೆಲಸ ಗೊತ್ತಿದ್ದವರನ್ನು ಕರೆಯಿರಿ; ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಶೀಟನ್ನು ಇಡಿಯಾಗಿ ಇಳಿಸಬೇಕು. ಮುಖಕ್ಕೆ ಕಟ್ಟಿದ ಬೈರಾಸು ಈ ನಾರನ್ನು ತಡೆಯದು. ಧೂಳು ಹಿಡಿದ ಬಟ್ಟೆಯನ್ನು ಅಮ್ಮನ ಕೈಗೆ ಒಗೆಯಲು ಕೊಡಬೇಡಿ. ಹೊರದೇಶಗಳಲ್ಲಿ ಕಾರ್ಮಿಕರ ಬಟ್ಟೆ ಒಗೆದ ಹೆಂಡತಿಯರಿಗೂ ಕ್ಯಾನ್ಸರ್ ಬಂದದ್ದುಂಟು. ಹಳೆಯ ಶೀಟಿನ ಮೇಲೆ ಕಾಲಿಟ್ಟರೆ ಮುರಿದು ಕೆಳಗೆ ಬೀಳುತ್ತೀರಿ, ಅದಕ್ಕೆ ಇಪ್ಪತ್ತು ವರ್ಷ ಕಾಯಬೇಕಾಗಿಲ್ಲ!

ಚೂರುಗಳನ್ನು ಒಣಗಲು ಬಿಡದೆ ದಪ್ಪ ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟು, ಎಲ್ಲಿ ಹಾಕಬೇಕೆಂದು ಪಂಚಾಯತಿನಲ್ಲಿ ವಿಚಾರಿಸಿ. ರಸ್ತೆಯ ಗುಂಡಿಗೆ ಸುರಿದರೆ ವಾಹನದ ಚಕ್ರ ಅದನ್ನು ಮತ್ತೆ ಪುಡಿ ಮಾಡುತ್ತದೆ.